ಸ್ನ್ಯಾಫಲ್ ಸಾಕೇ, ಡಬಲ್ ಬ್ರೈಡಲ್ ಬೇಕೇ? ಡ್ರೆಸಾಜ್ ಕುದುರೆಗೆ ಕಡಿವಾಣ ಆರಿಸುವ ಕ್ರಮ

ಕುದುರೆ ಕೈಗೆ ಭಾರವಾಗುತ್ತಿದೆ, ತಲೆ ಎತ್ತುತ್ತಿದೆ, ಲಗಾಮು ಹಿಡಿದರೂ ನಿಲ್ಲುತ್ತಿಲ್ಲ ಎಂದು ಡಬಲ್ ಬ್ರೈಡಲ್, ಅಂದರೆ ಬಾಯಿಗೆ ಎರಡು ಕಡಿವಾಣವಿರುವ ತಲೆಸಜ್ಜು, ಕೊಂಡ ಡ್ರೆಸಾಜ್ (ಕುದುರೆಯಿಂದ ನಿಖರವಾದ ನಡಿಗೆ, ಚಲನೆಗಳನ್ನು ಮಾಡಿಸುವ ಸವಾರಿ) ಸವಾರರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಇನ್ನೊಂದು ದೂರು ಹೊತ್ತು ಬರುತ್ತಾರೆ. ಈಗ ಕುದುರೆ ಗಲ್ಲವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಕುಗ್ಗಿಸಿ, ಹಿಂಗಾಲುಗಳನ್ನು ಎಳೆದುಕೊಂಡು ನಡೆಯುತ್ತಿರುತ್ತದೆ. ದೋಷ ಸಾಮಾನುಗಳಲ್ಲಿಲ್ಲ, ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದ್ದರಲ್ಲಿದೆ. ಕುದುರೆಯ ಬಾಯಿ, ಈಗಿರುವ ಸ್ನ್ಯಾಫಲ್ ಎಂಬ ಒಂಟಿ ಕಡಿವಾಣ, ಕುದುರೆಯ ತರಬೇತಿ, ಸವಾರನ ಕೈ ಈ ನಾಲ್ಕನ್ನೂ ಇದೇ ಅನುಕ್ರಮದಲ್ಲಿ ಪರೀಕ್ಷಿಸಿದ ಮೇಲಷ್ಟೇ ಎರಡನೆಯ ಕಡಿವಾಣದ ಮಾತು ಬರಬೇಕು. ಹೀಗೆ ಪರೀಕ್ಷಿಸುತ್ತಾ ಹೋದ ಬಹುಪಾಲು ಸವಾರರಿಗೆ ಡಬಲ್ ಬ್ರೈಡಲಿನ ಅಗತ್ಯವೇ ಬೀಳುವುದಿಲ್ಲ.

ಎರಡರ ಕೆಲಸದಲ್ಲಿರುವ ವ್ಯತ್ಯಾಸ

ಸ್ನ್ಯಾಫಲಿನಲ್ಲಿ ಬಾಯೊಳಗೆ ಒಂದೇ ಕಡಿವಾಣ, ಕೈಯಲ್ಲಿ ಒಂದೇ ಜೊತೆ ಲಗಾಮು. ಲಗಾಮು ಸೇರುವ ಬಳೆ ಕಡಿವಾಣದ ತುದಿಯಲ್ಲೇ ಇರುವುದರಿಂದ ಸವಾರನ ಕೈಯಲ್ಲಿ ಎಷ್ಟು ಎಳೆತವಿದೆಯೋ ಹೆಚ್ಚುಕಡಿಮೆ ಅಷ್ಟೇ ಒತ್ತಡ ನಾಲಗೆ, ಕಟವಾಯಿ ಮತ್ತು ಕೆಳದವಡೆಯ ಹಲ್ಲಿಲ್ಲದ ಏಣಿನ ಮೇಲೆ ಬೀಳುತ್ತದೆ.

ಡಬಲ್ ಬ್ರೈಡಲಿನಲ್ಲಿ ಎರಡು ಕಡಿವಾಣಗಳಿವೆ. ಮೇಲಿನದು ಬ್ರಿಡೂನ್, ಅಂದರೆ ತೆಳುವಾದ ಸ್ನ್ಯಾಫಲ್. ಕೆಳಗಿನದು ಕರ್ಬ್, ಅದರ ಇಕ್ಕೆಲಗಳಲ್ಲಿ ಮೇಲಕ್ಕೊಂದು, ಕೆಳಕ್ಕೊಂದು ಲೋಹದ ತೋಳಿರುತ್ತದೆ. ಮೇಲ್ತೋಳಿನ ಕೊಕ್ಕೆಗಳಿಗೆ ಸಿಕ್ಕಿಸಿದ ಸರಪಳಿ ಗಲ್ಲದ ತಗ್ಗಿನಲ್ಲಿ ಕೂರುತ್ತದೆ, ಕೆಳತೋಳಿನ ತುದಿಗೆ ಎರಡನೆಯ ಜೊತೆ ಲಗಾಮು ಸೇರುತ್ತದೆ. ಕರ್ಬ್ ಲಗಾಮನ್ನು ಹಿಡಿದೊಡನೆ ತೋಳು ಹಿಂದಕ್ಕೆ ತಿರುಗಿ ಸರಪಳಿ ಬಿಗಿಯುತ್ತದೆ, ಅಲ್ಲಿಂದಾಚೆಗೆ ಅದು ಸನ್ನೆಕೋಲು. ಕೆಳತೋಳು ಮೇಲ್ತೋಳಿನ ಎರಡರಷ್ಟು ಉದ್ದವಿದ್ದರೆ, ಸರಪಳಿ ಬಿಗಿದ ಮೇಲೆ ಗಲ್ಲದ ಮೇಲೆ ಲಗಾಮಿನ ಎಳೆತದ ಸುಮಾರು ಎರಡರಷ್ಟು, ಬಾಯೊಳಗೆ ಸುಮಾರು ಮೂರರಷ್ಟು ಬಲ ಬೀಳುತ್ತದೆ. ಒಂದು ಕಿಲೋ ಎಳೆದೆ ಎಂದು ಸವಾರನಿಗೆ ಅನ್ನಿಸಿದಾಗ ಕುದುರೆ ಮೂರು ಕಿಲೋ ಹೊರುತ್ತಿರುತ್ತದೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳಿಗೂ ಈ ಲೆಕ್ಕವೇ ಆಧಾರ.

ಬೇಕಾಗುವ ಸಾಮಗ್ರಿ

ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಕಡಿವಾಣದ ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್, ಬಾಯಿಯ ಅಗಲ ಅಳೆಯಲು ನಯವಾದ ಗುಂಡನೆಯ ಮರದ ಕಡ್ಡಿ, ಟಾರ್ಚ್, ಚರ್ಮಕ್ಕೆ ತೂತು ಹಾಕುವ ಪಂಚ್, ಶುದ್ಧ ನೀರು, ಬಿಳಿಯ ಹತ್ತಿಬಟ್ಟೆ. ಇವುಗಳ ಜೊತೆಗೆ ಕುದುರೆಗೆ ಪರಿಚಯವಿರುವ ಸೈಸ್ (ಕುದುರೆ ನೋಡಿಕೊಳ್ಳುವವರು) ಒಬ್ಬರು ಮತ್ತು ಪಕ್ಕದಿಂದ ವಿಡಿಯೊ ತೆಗೆಯುವವರು ಒಬ್ಬರು ಇರಬೇಕು. ತೂತು ಹಾಕಲು ಮೊಳೆಯನ್ನು ಬಳಸಬಾರದು. ಮೊಳೆ ಹೊಡೆದ ಕಡೆ ಚರ್ಮ ಸೀಳುತ್ತಾ ಹೋಗುತ್ತದೆ, ಒಂದು ದಿನ ಸವಾರಿಯ ನಡುವೆಯೇ ಕೆನ್ನೆಪಟ್ಟಿ ಕಿತ್ತುಬರುತ್ತದೆ.

ಹಂತ 1: ಬಾಯಿಯನ್ನು ನೋಡಿ

ಮೊದಲ ಖರ್ಚು ಪಶುವೈದ್ಯರಿಗೆ ಸಲ್ಲಬೇಕು. ಕಳೆದ ಒಂದು ವರ್ಷದಲ್ಲಿ ಕುದುರೆಯ ಹಲ್ಲುಗಳನ್ನು ಯಾರೂ ನೋಡಿಲ್ಲವೆಂದರೆ ಕಡಿವಾಣದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ದವಡೆಹಲ್ಲುಗಳ ಹೊರಅಂಚು ಚೂಪಾಗಿ ಬೆಳೆದಿದ್ದರೆ ಮೂಗುಪಟ್ಟಿ ಬಿಗಿದಾಗ ಕೆನ್ನೆಯ ಒಳಭಾಗ ಆ ಅಂಚಿಗೆ ಒತ್ತಿ ಗಾಯವಾಗುತ್ತದೆ. ಮೊದಲ ದವಡೆಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ಇರುವ ಪುಟ್ಟ ಹಲ್ಲು, ಲಾಯಗಳಲ್ಲಿ ವುಲ್ಫ್ ಟೂತ್ ಎಂದೇ ಕರೆಯುವುದು, ಕಡಿವಾಣಕ್ಕೆ ತಾಗುತ್ತಿದ್ದರೆ ತಲೆ ಕೊಡವುವ ಅಭ್ಯಾಸ ಅಲ್ಲಿಂದಲೇ ಹುಟ್ಟಿರಬಹುದು.

ವೈದ್ಯರು ಬಂದಾಗ ಇನ್ನೂ ಮೂರು ಸಂಗತಿಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೋರೆಹಲ್ಲಿಗೂ ಮೊದಲ ದವಡೆಹಲ್ಲಿಗೂ ನಡುವೆ ಎಷ್ಟು ಜಾಗವಿದೆ? ನಾಲಗೆ ಎಷ್ಟು ದಪ್ಪ? ಅಂಗುಳ ಎಷ್ಟು ತಗ್ಗು? ಹಲ್ಲಿಲ್ಲದ ಏಣಿನ ಮೇಲೆ ವೈದ್ಯರು ಬೆರಳಾಡಿಸುವಾಗ ಗಮನವಿಡಿ. ಅಲ್ಲಿ ಮೂಳೆ ಗಂಟುಗಟ್ಟಿದ್ದರೆ ಅದು ಹಳೆಯ ಕಡಿವಾಣದ ಪೆಟ್ಟಿನ ಗುರುತು. ಅಂಥ ಬಾಯಿಗೆ ಕರ್ಬ್ ಹಾಕುವ ಮುನ್ನ ವೈದ್ಯರ ಒಪ್ಪಿಗೆ ಬೇಕೇ ಬೇಕು.

ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ರೇಸ್‌ಕೋರ್ಸಿನಿಂದ ಬಂದ ಥರೋಬ್ರೆಡ್ ಕುದುರೆಗಳು ಹೆಚ್ಚಿರುವುದರಿಂದ ಒಂದು ಮಾತನ್ನು ಇಲ್ಲೇ ಸೇರಿಸಬೇಕು. ಈ ತಳಿಯ ದವಡೆ ಬಹುಮಟ್ಟಿಗೆ ಕಿರಿದು, ಎಷ್ಟೋ ಕುದುರೆಗಳಲ್ಲಿ ನಾಲಗೆ ಆ ಕಿರಿದಾದ ಜಾಗವನ್ನೆಲ್ಲ ತುಂಬಿಕೊಂಡಿರುತ್ತದೆ. ಎರಡು ಲೋಹಗಳಿಗೆ ಅಲ್ಲಿ ಎಡೆ ಸಿಗುವುದು ಕಷ್ಟ. ಮೇಲಾಗಿ, ಓಟದ ತರಬೇತಿಯಲ್ಲಿ ಕುದುರೆ ಕಡಿವಾಣದ ಮೇಲೆ ಭಾರ ಬಿಟ್ಟು ಓಡುವುದನ್ನೇ ರೂಢಿಸಿಕೊಂಡಿರುತ್ತದೆ. ಅಂಥ ಕುದುರೆ ಲಗಾಮಿಗೆ ಒರಗಿದರೆ ಅದನ್ನು ಮೊಂಡುತನವೆನ್ನಲಾಗದು. ಕಲಿತ ಪಾಠವನ್ನೇ ಅದು ಒಪ್ಪಿಸುತ್ತಿದೆ. ಆ ಪಾಠ ಮರೆಯುವವರೆಗೆ, ಅಂದರೆ ತಿಂಗಳುಗಟ್ಟಲೆ, ಅದು ಸ್ನ್ಯಾಫಲಿನಲ್ಲೇ ಇರಬೇಕು.

ಹಂತ 2: ನಿಯಮಪುಸ್ತಕ ತೆರೆಯಿರಿ

ಸ್ಪರ್ಧೆಯ ಉದ್ದೇಶವಿದ್ದರೆ ನಿಮ್ಮ ದರ್ಜೆಗೆ ಡಬಲ್ ಬ್ರೈಡಲ್ ಅನುಮತಿ ಇದೆಯೇ ಎಂದು ಮೊದಲೇ ನೋಡಿ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐನ ಪೋನಿ, ಚಿಲ್ಡ್ರನ್ ದರ್ಜೆಗಳಲ್ಲೂ 5 ಮತ್ತು 6 ವರ್ಷದ ಎಳೆಯ ಕುದುರೆಗಳ ಪರೀಕ್ಷೆಗಳಲ್ಲೂ ಸ್ನ್ಯಾಫಲ್ ಕಡ್ಡಾಯ. ಬ್ರಿಟನ್ನಿನ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಎಲಿಮೆಂಟರಿಯಿಂದ, ಅಮೆರಿಕದಲ್ಲಿ ಥರ್ಡ್ ಲೆವೆಲ್‌ನಿಂದ ಮೇಲಕ್ಕೆ ಡಬಲ್ ಬ್ರೈಡಲ್ ಐಚ್ಛಿಕ. ಮೇಲಿನ ಅಂತರರಾಷ್ಟ್ರೀಯ ದರ್ಜೆಗಳಲ್ಲಿ ಸ್ನ್ಯಾಫಲಿಗೆ ಅವಕಾಶ ಕೆಲವು ವರ್ಷಗಳಿಂದ ವಿಸ್ತರಿಸುತ್ತಾ ಬಂದಿದೆ. ಭಾರತದಲ್ಲಿ ಈಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾದ ನಿಯಮಗಳನ್ನೂ ಆಯಾ ಸ್ಪರ್ಧೆಯ ಷರತ್ತುಪತ್ರವನ್ನೂ ಆಯಾ ವರ್ಷದ ಪ್ರತಿಯಲ್ಲೇ ಓದಿ. ಗೆಳೆಯರು ಕಳಿಸಿದ ಹಳೆಯ ಪಿಡಿಎಫ್ ನಂಬಬೇಡಿ.

ಹಂತ 3: ಈಗಿರುವ ಸ್ನ್ಯಾಫಲನ್ನು ಸರಿಪಡಿಸಿ

ಸ್ನ್ಯಾಫಲ್ ಕೆಲಸ ಮಾಡುತ್ತಿಲ್ಲ ಎನ್ನುವವರ ಕುದುರೆಗಳಲ್ಲಿ ತಪ್ಪು ಅಳತೆಯ ಸ್ನ್ಯಾಫಲ್ ಕಂಡುಬರುವುದು ಹೊಸದೇನಲ್ಲ. ಮರದ ಕಡ್ಡಿಯನ್ನು ಕಡಿವಾಣ ಕೂರುವ ಜಾಗದಲ್ಲಿ ಅಡ್ಡಲಾಗಿಟ್ಟು, ಎರಡೂ ಕಡೆ ತುಟಿಯ ಅಂಚಿಗೆ ಗುರುತು ಮಾಡಿ, ಹೊರತೆಗೆದು ಅಳೆಯಿರಿ. ಬಳೆ ಸುತ್ತುವ ಲೂಸ್ ರಿಂಗ್ ಮಾದರಿಯಾದರೆ ಆ ಅಳತೆಗಿಂತ ಇಕ್ಕೆಲಗಳಲ್ಲೂ ಸುಮಾರು 5 ಮಿ.ಮೀ. ಹೆಚ್ಚಿರಬೇಕು, ಇಲ್ಲವಾದರೆ ಬಳೆಯ ತೂತಿಗೆ ತುಟಿ ಸಿಕ್ಕಿ ಚಿವುಟುತ್ತದೆ. ಬಳೆ ಅಲುಗದ ಎಗ್‌ಬಟ್ ಮಾದರಿಗೆ ಇಷ್ಟು ಅಂತರ ಬೇಡ. ಒಂದೂವರೆ ಸೆಂಟಿಮೀಟರಿನಷ್ಟು ಹೊರಚಾಚಿರುವ ಕಡಿವಾಣ ಬಾಯೊಳಗೆ ಅತ್ತಿತ್ತ ಜಾರುತ್ತದೆ, ಒಂದೇ ಗಂಟಿನದಾದರೆ ಅದರ ನಡುಗಂಟು ಮಧ್ಯದಿಂದ ಸರಿದು ಒಂದು ಬದಿಯ ಏಣಿನ ಮೇಲೆ ಬಂದು ಕೂರುತ್ತದೆ.

ದಪ್ಪದ ಕಡಿವಾಣ ಮೃದು, ತೆಳುವಾದದ್ದು ಕಠಿಣ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಅಗಲವಾದ ಬಾಯಿಯಲ್ಲಿ 18 ಮಿ.ಮೀ. ಕಡಿವಾಣ ಹಿತವಾಗಿರಬಹುದು. ಕಿರಿದಾದ ಬಾಯಿಯಲ್ಲಿ ಅದೇ ಕಡಿವಾಣ ನಾಲಗೆಯನ್ನು ದಿನವಿಡೀ ಒತ್ತಿಕೊಂಡಿರುತ್ತದೆ. ಅಂಥ ಕುದುರೆಗೆ 14 ಮಿ.ಮೀ. ದಪ್ಪದ, ನಡುವೆ ನಯವಾದ ಗುಂಡಿಯಿರುವ ಎರಡು ಗಂಟಿನ ಕಡಿವಾಣ ಹಾಕಿ ನೋಡಿ. ಎತ್ತರ ಹೊಂದಿಸುವಾಗ ಕಟವಾಯಿಯಲ್ಲಿ ಒಂದೆರಡು ಸಣ್ಣ ಸುಕ್ಕು ಕಂಡರೆ ಸಾಕು, ಕುದುರೆ ನಗುತ್ತಿರುವಂತೆ ಕಾಣಬಾರದು.

ಇನ್ನು ಮೂಗುಪಟ್ಟಿ. ಮೂಗಿನ ಮೂಳೆಯ ಮೇಲೆ, ಅಂದರೆ ಮುಂಭಾಗದಲ್ಲಿ, ಪಟ್ಟಿಗೂ ಮೂಳೆಗೂ ನಡುವೆ ದೊಡ್ಡವರ ಎರಡು ಬೆರಳು ತೂರಬೇಕು. ಕೆನ್ನೆಯ ಪಕ್ಕದ ಮೆತ್ತನೆಯ ಭಾಗದಲ್ಲಿ ಬೆರಳು ತೂರಿಸಿ ಸಡಿಲವಿದೆ ಎನ್ನುವುದು ತನಗೆ ತಾನೇ ಮಾಡಿಕೊಳ್ಳುವ ಮೋಸ. ಸ್ಪರ್ಧೆಗಳಲ್ಲೂ ಈಗ ಇದನ್ನು ಅಳತೆಯ ಸಾಧನದಿಂದಲೇ ಪರೀಕ್ಷಿಸುತ್ತಾರೆ.

ಇಷ್ಟೆಲ್ಲ ಸರಿಪಡಿಸಿ ಮೂರು ನಾಲ್ಕು ವಾರ ಸವಾರಿ ಮಾಡಿ. ಈ ಅವಧಿಯಲ್ಲಿ ಕಡಿವಾಣದ ಕೆಳಗಿನಿಂದ ಹಾಯುವ ಫ್ಲ್ಯಾಶ್ ಪಟ್ಟಿಯನ್ನು ಬಿಚ್ಚಿಡಿ. ಡಬಲ್ ಬ್ರೈಡಲಿನೊಂದಿಗೆ ಮೂಗನ್ನು ಒಂದೇ ಸುತ್ತು ಸುತ್ತುವ ಸಾದಾ ಕ್ಯಾವೆಸನ್ ಮೂಗುಪಟ್ಟಿ ಮಾತ್ರ ಬಳಸಬಹುದಾದ್ದರಿಂದ, ಫ್ಲ್ಯಾಶ್ ಇಲ್ಲದೆ ಬಾಯಿ ಮುಚ್ಚಿಡಲಾರದ ಕುದುರೆ ಡಬಲ್ ಬ್ರೈಡಲಿಗೆ ಸಿದ್ಧವಾಗಿಲ್ಲವೆಂದು ಇಲ್ಲೇ ಗೊತ್ತಾಗಿಬಿಡುತ್ತದೆ.

ಹಂತ 4: ಕುದುರೆ ಸಿದ್ಧವೇ?

ಕೆಳಗಿನ ಪರೀಕ್ಷೆಗಳನ್ನೆಲ್ಲ ಸ್ನ್ಯಾಫಲಿನಲ್ಲಿ, ಫ್ಲ್ಯಾಶ್ ಇಲ್ಲದೆ, ಬೇರೆಬೇರೆ ದಿನಗಳಲ್ಲಿ ಮಾಡಿ, ಪಕ್ಕದಿಂದ ವಿಡಿಯೊ ತೆಗೆಸಿ.

ಮೊದಲನೆಯದು, 20 ಮೀಟರ್ ವೃತ್ತದಲ್ಲಿ ಟ್ರಾಟ್ (ಕುಕ್ಕುಲೋಟ) ಮಾಡುತ್ತಾ ಎರಡೂ ಕೈಗಳನ್ನು ಮೂರು ನಾಲ್ಕು ಹೆಜ್ಜೆಗಳ ಕಾಲ ಕುತ್ತಿಗೆಯ ಮೇಲಕ್ಕೆ ಮುಂದೆ ಚಾಚಿ, ಲಗಾಮು ಪೂರ್ತಿ ಸಡಿಲವಾಗಲು ಬಿಟ್ಟು, ಮತ್ತೆ ಹಿಡಿಯುವುದು. ಲಯ, ವೇಗ, ತಲೆಯ ಎತ್ತರ ಬಹುಮಟ್ಟಿಗೆ ಹಾಗೆಯೇ ಉಳಿದರೆ ಕುದುರೆ ತನ್ನ ಭಾರವನ್ನು ತಾನೇ ಹೊರುತ್ತಿದೆ. ವೇಗ ಹೆಚ್ಚಿಸಿ ಮುಂದಕ್ಕೆ ಬೀಳುವಂತಾದರೆ ಅದು ಈವರೆಗೆ ನಿಮ್ಮ ಕೈಗೆ ಒರಗಿ ನಿಂತಿತ್ತೆಂದು ತಿಳಿಯಿರಿ. ಈ ಒಂದು ಪರೀಕ್ಷೆಯಲ್ಲಿ ಸೋತ ಕುದುರೆಗೆ ಉಳಿದವನ್ನು ಮಾಡಿಸುವುದೇ ಬೇಡ.

ಎರಡನೆಯದು, ಶೋಲ್ಡರ್-ಇನ್, ಅಂದರೆ ಕುದುರೆಯ ಭುಜವನ್ನು ತುಸು ಒಳಕ್ಕೆ ತಂದು ಓರೆಯಾಗಿ ನಡೆಸುವುದು. ಎಡಕ್ಕೂ ಬಲಕ್ಕೂ ಅರೀನಾದ ಉದ್ದಬದಿಯ ಪೂರ್ತಿ ಮಾಡಿಸಿ, ಎರಡೂ ಕಡೆ ಕೈಯಲ್ಲಿ ಸಿಗುವ ಭಾರ ಒಂದೇ ಬಗೆಯದೇ ಎಂದು ಗಮನಿಸಿ. ಒಂದು ಬದಿಗೆ ಹಗುರ, ಇನ್ನೊಂದು ಬದಿಗೆ ಮರದಂತೆ ಬಿಗಿ ಇದ್ದರೆ ಕರ್ಬ್ ಆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಏಕೆಂದರೆ ಸಾದಾ ಕರ್ಬಿನ ಎರಡು ಬದಿಗಳು ಒಂದೇ ಗಟ್ಟಿ ಸರಳಾಗಿರುವುದರಿಂದ ಒಂದು ಬದಿಯನ್ನು ಮಾತ್ರ ಮಾತನಾಡಿಸಲು ಬರುವುದಿಲ್ಲ. ಎಳೆದರೆ ಇಡೀ ಕಡಿವಾಣ ವಾಲುತ್ತದೆ.

ಮೂರನೆಯದು, ಕ್ಯಾಂಟರಿನಿಂದ (ಟ್ರಾಟಿಗಿಂತ ವೇಗದ ಓಟದಿಂದ) ನೇರವಾಗಿ ವಾಕಿಗೆ (ನಡಿಗೆಗೆ) ಇಳಿಯುವುದು. ನಡುವೆ ನಾಲ್ಕಾರು ಟ್ರಾಟ್ ಹೆಜ್ಜೆಗಳು ನುಸುಳಿದರೆ ಹಿಂಗಾಲು ಇನ್ನೂ ಭಾರ ಹೊರುತ್ತಿಲ್ಲ. ನಾಲ್ಕನೆಯದು, ಸವಾರಿ ಮುಗಿದ ಮೇಲೆ ಲಗಾಮನ್ನು ನಿಧಾನವಾಗಿ ಬಿಟ್ಟುಕೊಟ್ಟರೆ ಕುದುರೆ ಮೂಗನ್ನು ಮುಂದಕ್ಕೂ ಕೆಳಕ್ಕೂ ಚಾಚಿ ಕಡಿವಾಣವನ್ನು ಹುಡುಕಿಕೊಂಡು ಹೋಗಬೇಕು. ಲಗಾಮು ಕಸಿದುಕೊಂಡರೂ ತಲೆ ಮೇಲೆತ್ತಿದರೂ ಇದು ನಪಾಸು.

ವಿಡಿಯೊದಲ್ಲಿ ಹಣೆಯಿಂದ ಮೂಗಿನವರೆಗಿನ ಗೆರೆಯನ್ನು ನೋಡಿ. ಅದು ನೆಲಕ್ಕೆ ಲಂಬವಾಗಿ ಅಥವಾ ತುಸು ಮುಂದಿರಬೇಕು, ಕಿವಿಗಳ ಹಿಂದಿನ ನೆತ್ತಿಯೇ ಕುತ್ತಿಗೆಯ ಅತ್ಯುನ್ನತ ಬಿಂದುವಾಗಿರಬೇಕು. ಸ್ನ್ಯಾಫಲಿನಲ್ಲೇ ಲಂಬಗೆರೆಯ ಹಿಂದೆ ಸರಿದು ಅಡಗುವ ಕುದುರೆ ಮೇಲ್ನೋಟಕ್ಕೆ ತುಂಬ ಹಗುರ ಎನ್ನಿಸುತ್ತದೆ. ಅದೇ ಕಾರಣಕ್ಕೆ ಇದನ್ನು ಸಿದ್ಧತೆಯೆಂದು ಭ್ರಮಿಸುವವರೂ ಹೆಚ್ಚು. ವಾಸ್ತವದಲ್ಲಿ ಕರ್ಬಿನಿಂದ ಅತಿಹೆಚ್ಚು ಕೆಡುವುದು ಇಂಥ ಕುದುರೆಯೇ.

ಹಂತ 5: ಸವಾರನ ಕೈ ಸಿದ್ಧವೇ?

ರಿಕಾಪಿಲ್ಲದೆ ಸಿಟ್ಟಿಂಗ್ ಟ್ರಾಟಿನಲ್ಲಿ ಹತ್ತು ನಿಮಿಷ ಕೂತು, ಹೆಬ್ಬೆರಳುಗಳ ಕೆಳಗೆ ಒಂದು ಚಾವಟಿಯನ್ನು ಅಡ್ಡಲಾಗಿ ಹಿಡಿದು ನೋಡಿ. ಚಾವಟಿ ಕುಣಿಯುತ್ತಿದ್ದರೆ ಆ ಕುಣಿತವೆಲ್ಲ ಕರ್ಬಿನ ಮೂಲಕ ಮೂರು ಪಟ್ಟಾಗಿ ಬಾಯಿ ಸೇರುತ್ತದೆ.

ನಾಲ್ಕು ಲಗಾಮು ಹಿಡಿಯುವ ಅಭ್ಯಾಸವನ್ನು ಕುದುರೆಯ ಬಾಯಿಯ ಮೇಲೆ ಮಾಡಬೇಡಿ. ಮೊದಲು ಕುರ್ಚಿಯ ಬೆನ್ನಿಗೆ ಎರಡು ಜೊತೆ ಲಗಾಮು ಕಟ್ಟಿ, ಒಂದನ್ನು ಬಿಟ್ಟು ಇನ್ನೊಂದನ್ನು ಮೊಟಕು ಮಾಡುವುದನ್ನು ನೋಡದೆಯೇ ಮಾಡುವಷ್ಟು ರೂಢಿಸಿಕೊಳ್ಳಿ. ಆಮೇಲೆ ಸ್ನ್ಯಾಫಲಿನ ಬಳೆಗಳಿಗೇ ಎರಡನೆಯ ಜೊತೆಯನ್ನೂ ಸಿಕ್ಕಿಸಿ ಸವಾರಿ ಮಾಡಿ. ಇಲ್ಲಿ ತಪ್ಪಿದರೂ ಕುದುರೆಗೆ ನೋವಿಲ್ಲ.

ಹೆಚ್ಚು ರೂಢಿಯಲ್ಲಿರುವ ಹಿಡಿತದಲ್ಲಿ ಬ್ರಿಡೂನ್ ಲಗಾಮು ಕಿರುಬೆರಳಿನ ಹೊರಗಿನಿಂದ, ಕರ್ಬ್ ಲಗಾಮು ಕಿರುಬೆರಳು ಮತ್ತು ಉಂಗುರಬೆರಳಿನ ನಡುವಿನಿಂದ ಕೈ ಸೇರುತ್ತದೆ. ಬೆರಳು ಮುಚ್ಚಿ ಮಣಿಕಟ್ಟು ತಿರುಗಿದಾಗ ಮೊದಲು ಬ್ರಿಡೂನ್, ಆಮೇಲೆ ಕರ್ಬ್ ಮಾತನಾಡಬೇಕೆನ್ನುವುದು ಇದರ ಉದ್ದೇಶ. ಇನ್ನೊಂದು, ಫಿಲ್ಲಿಸ್ ಹೆಸರಿನ ಹಿಡಿತದಲ್ಲಿ ಬ್ರಿಡೂನ್ ಲಗಾಮು ತೋರುಬೆರಳಿನ ಮೇಲಿನಿಂದಲೂ ಕರ್ಬ್ ಲಗಾಮು ಕಿರುಬೆರಳಿನ ಕೆಳಗಿನಿಂದಲೂ ಬರುತ್ತದೆ. ಎರಡನ್ನೂ ಬೇರೆಯಾಗಿಡಲು ಕಲಿಯುವವರಿಗೆ ಇದು ಸುಲಭವೆಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಆರಿಸಿ, ಕರ್ಬ್ ಲಗಾಮು ಬ್ರಿಡೂನಿನದಕ್ಕಿಂತ ಕಿರಿದಾಗಿಯೂ ನುಣುಪಾಗಿಯೂ ಇರಲಿ, ಬೆರಳಿಗೆ ಗುರುತು ಸಿಗುತ್ತದೆ.

ಹಂತ 6: ಕಡಿವಾಣದ ಜೋಡಿಯನ್ನು ಆರಿಸಿ

ಹಿಂದಿನ ಐದು ಹಂತಗಳನ್ನು ದಾಟಿದವರಿಗೆ ಮಾತ್ರ ಈ ಭಾಗ. ಮೊದಲು ಕರ್ಬಿನ ಅಗಲ: ಇಕ್ಕೆಲದ ತೋಳುಗಳು ತುಟಿಯನ್ನು ಒತ್ತದೆ, ಹಾಗೆಯೇ ತುಟಿಯಿಂದ ದೂರ ನಿಲ್ಲದೆ ಪಕ್ಕದಲ್ಲೇ ಕೂರಬೇಕು. ಅಗಲ ಹೆಚ್ಚಾದರೆ ಕಡಿವಾಣ ಪಕ್ಕಕ್ಕೆ ಸರಿದು ನಡುವಿನ ಕಮಾನಿನ (ಸರಳಿನ ಮಧ್ಯದಲ್ಲಿ ಮೇಲಕ್ಕೆ ಬಾಗಿದ ಭಾಗದ) ಅಂಚು ನಾಲಗೆಯ ಬದಲು ಏಣಿನ ಮೇಲೆ ಏರುತ್ತದೆ. ಬ್ರಿಡೂನ್ ಕರ್ಬಿಗಿಂತ ಅರ್ಧ ಸೆಂಟಿಮೀಟರಿನಷ್ಟು ಅಗಲವಿರಲಿ, ಕರ್ಬ್ 12.5 ಸೆಂ.ಮೀ. ಆದರೆ ಬ್ರಿಡೂನ್ 13 ಸೆಂ.ಮೀ. ಸ್ನ್ಯಾಫಲಿನ ಅಳತೆಯನ್ನೇ ಕರ್ಬಿಗೂ ಹೇಳಿ ತರಿಸಿಕೊಳ್ಳುವುದು ಇಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು.

ಎಫ್‌ಇಐ ನಿಯಮದಂತೆ ಕರ್ಬ್ ಕನಿಷ್ಠ 12 ಮಿ.ಮೀ., ಬ್ರಿಡೂನ್ ಕನಿಷ್ಠ 10 ಮಿ.ಮೀ. ದಪ್ಪವಿರಬೇಕು, ಕರ್ಬಿನ ಕೆಳತೋಳು 10 ಸೆಂ.ಮೀ. ಮೀರಬಾರದು, ಕಮಾನಿನ ಎತ್ತರ 30 ಮಿ.ಮೀ. ದಾಟಬಾರದು. ಇವು ಮೇರೆಗಳೇ ಹೊರತು ಗುರಿಗಳಲ್ಲ. ಮೊದಲ ಕರ್ಬಿಗೆ 5 ಸೆಂ.ಮೀ. ಕೆಳತೋಳು ಸಾಕು. ಗಿಡ್ಡ ತೋಳು ಬೇಗ ಕೆಲಸಕ್ಕಿಳಿಯುತ್ತದೆ, ಆದರೆ ಬಲವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಉದ್ದ ತೋಳು ನಿಧಾನವಾಗಿ ತಿರುಗಿ ಕುದುರೆಗೆ ಮುನ್ಸೂಚನೆ ಕೊಡುತ್ತದೆ, ಆದರೆ ಕೊನೆಗೆ ಬೀಳುವ ಬಲ ದೊಡ್ಡದು. ಕೈ ಇನ್ನೂ ಕಲಿಯುತ್ತಿರುವವರು ಬಲ ಕಡಿಮೆಯಿರುವ ಕಡೆಗೇ ವಾಲಬೇಕು.

ಕಮಾನು ಇರುವುದು ನಾಲಗೆಗೆ ಜಾಗ ಕೊಡಲು. ಆದ್ದರಿಂದ ಎತ್ತರಕ್ಕಿಂತ ಅದರ ಅಗಲ ಮುಖ್ಯ. ಕಿರಿದಾದ ಎತ್ತರದ ಕಮಾನಿನೊಳಗೆ ದಪ್ಪ ನಾಲಗೆ ಹಿಡಿಸದೆ ಎರಡು ಅಂಚುಗಳಿಂದಲೂ ಕಚ್ಚಿಸಿಕೊಳ್ಳುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಹತ್ತಿಬಟ್ಟೆಯನ್ನು ಕಡಿವಾಣದ ಉದ್ದಕ್ಕೂ, ಬಳೆಯ ತೂತುಗಳ ಸುತ್ತಲೂ ಉಜ್ಜಿ ನೋಡಿ. ನೂಲು ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತುಟಿಯೂ ಸಿಕ್ಕಿಕೊಳ್ಳುತ್ತದೆ.

ಹಂತ 7: ಕುದುರೆಯ ತಲೆಗೆ ಹೊಂದಿಸಿ

ಅವಸರ ಮಾಡುವವರು ಎಡವುವುದು ಇಲ್ಲೇ. ಲಾಯದಲ್ಲಿ, ಲಗಾಮು ಜೋಡಿಸದೆ, ಹಗಲು ಬೆಳಕಿನಲ್ಲಿ ಈ ಕೆಲಸ ಮಾಡಿ.

ಎರಡೂ ಕಡಿವಾಣಗಳನ್ನು ಎಡ ಅಂಗೈಯಲ್ಲಿ ಬ್ರಿಡೂನ್ ಮೇಲೆ, ಕರ್ಬ್ ಕೆಳಗೆ ಬರುವಂತೆ ಜೊತೆಯಾಗಿ ಹಿಡಿದು ಬಾಯಿಗೆ ಕೊಡಿ. ಬ್ರಿಡೂನ್ ಕಟವಾಯಿಯವರೆಗೆ ಮೇಲೇರಿ, ಅಲ್ಲಿ ಸಣ್ಣದೊಂದು ಸುಕ್ಕು ಮೂಡಿಸುವಷ್ಟು ಇರಲಿ. ಕರ್ಬ್ ಅದರ ಕೆಳಗೆ, ಕೋರೆಹಲ್ಲಿರುವ ಕುದುರೆಯಲ್ಲಿ ಆ ಹಲ್ಲಿಗಿಂತ ಸುಮಾರು 2.5 ಸೆಂ.ಮೀ. ಮೇಲೆ, ಗಲ್ಲದ ತಗ್ಗಿಗೆ ಹೆಚ್ಚುಕಡಿಮೆ ನೇರವಾಗಿ ಕೂರಬೇಕು. ತುಟಿಯನ್ನು ಪಕ್ಕಕ್ಕೆ ಸರಿಸಿ ಟಾರ್ಚ್ ಬಿಟ್ಟು ನೋಡಿ. ಎರಡು ಲೋಹಗಳು ಒಂದರ ಮೇಲೊಂದು ಏರಿ ಕೂತಿದ್ದರೆ ಕೆನ್ನೆಪಟ್ಟಿಗಳನ್ನು ಒಂದೊಂದೇ ತೂತು ಬದಲಿಸಿ. ಕರ್ಬಿನ ಮೇಲ್ತೋಳು ಕೆನ್ನೆಗೆ ಉಜ್ಜುತ್ತಿದೆಯೇ ಎಂಬುದನ್ನೂ ಬೆರಳು ಹಾಯಿಸಿ ನೋಡಿ. ದವಡೆ ಅಗಲವಿರುವ ಕುದುರೆಗಳಿಗೆ ಮೇಲ್ತೋಳು ತುಸು ಹೊರಕ್ಕೆ ಬಾಗಿದ ಮಾದರಿ ಬೇಕಾಗುತ್ತದೆ.

ಈಗ ಸರಪಳಿ. ಒಂದು ತುದಿಯನ್ನು ಬಲಗಡೆಯ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಲಗೈಯಲ್ಲಿ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಚುತ್ತಾ ಹೋಗಿ. ಕೊಂಡಿಗಳು ಒಂದೊಂದಾಗಿ ಒಂದರೊಳಗೊಂದು ಮಲಗಿ, ಚಪ್ಪಟೆಯಾದ ಪಟ್ಟಿಯಂತಾದಾಗ ತಿರುಚುವುದನ್ನು ನಿಲ್ಲಿಸಿ, ಹೆಬ್ಬೆರಳಿನ ಉಗುರು ಮೇಲಕ್ಕಿರುವಂತೆ ಹಿಡಿದು ಎಡಗೊಕ್ಕೆಗೆ ಹಾಕಿ. ನಡುವೆ ನೇತಾಡುವ ಒಂಟಿ ಬಳೆ ಸರಪಳಿಯ ಕೆಳಅಂಚಿನಲ್ಲಿರಬೇಕು. ಒಂದು ಕೊಂಡಿ ಮಗುಚಿದ್ದರೂ ಅದರ ಏಣು ಗಲ್ಲದ ತೆಳುಚರ್ಮದ ಕೆಳಗಿರುವ ಮೂಳೆಯನ್ನೇ ಕೊರೆಯುತ್ತದೆ. ಅಂಗೈಯನ್ನು ಸರಪಳಿಯ ಒಳಬದಿಗೆ ಹಾಯಿಸಿದರೆ ಮಗುಚಿದ ಕೊಂಡಿ ಕೂಡಲೇ ಸಿಗುತ್ತದೆ. ಬ್ರಿಡೂನಿನ ಬಳೆ ಕೊಕ್ಕೆಗೆ ಸಿಲುಕದೆ ಸ್ವತಂತ್ರವಾಗಿ ಆಡುತ್ತಿದೆಯೇ ಎಂದು ಎರಡೂ ಬದಿಯಲ್ಲಿ ಖಚಿತಪಡಿಸಿಕೊಳ್ಳಿ. ಚರ್ಮ ಸೂಕ್ಷ್ಮವಿರುವ ಕುದುರೆಗೆ ಸರಪಳಿಯ ಮೇಲೆ ಚರ್ಮದ ಅಥವಾ ರಬ್ಬರಿನ ಹೊದಿಕೆ ಹಾಕಬಹುದು, ಅದಕ್ಕೆ ನಿಯಮದ ಅಡ್ಡಿಯಿಲ್ಲ.

ಉದ್ದ ಸರಿಯಿದೆಯೇ ಎಂದು ತಿಳಿಯಲು ಕೆಳತೋಳನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ತೋಳು ಬಾಯಿಯ ಗೆರೆಯೊಂದಿಗೆ ಸುಮಾರು 45 ಡಿಗ್ರಿ ಕೋನಕ್ಕೆ ಬಂದಾಗ ಸರಪಳಿ ಗಲ್ಲಕ್ಕೆ ತಾಗಿ ಬಿಗಿಯಬೇಕು. ಅದಕ್ಕೆ ಮೊದಲೇ ಬಿಗಿದರೆ ಕುದುರೆಗೆ ಬಿಡುವೇ ಇಲ್ಲ. ತೋಳು ಲಗಾಮಿನ ಗೆರೆಗೇ ಬಂದು ಮಲಗುವಷ್ಟು ಸಡಿಲವಿದ್ದರೆ ಸನ್ನೆಕೋಲಿನ ಕೆಲಸ ನಡೆಯುವುದಿಲ್ಲ, ಜೊತೆಗೆ ಸರಪಳಿ ಗಲ್ಲದ ತಗ್ಗಿನಿಂದ ಮೇಲೇರಿ ದವಡೆಯ ಚೂಪು ಮೂಳೆಯ ಮೇಲೆ ಕೂರುತ್ತದೆ. ದಯೆಯಿಂದ ಸರಪಳಿಯನ್ನು ತೀರಾ ಸಡಿಲ ಬಿಡುವವರಿಗೆ ಈ ಎರಡನೆಯ ಅಪಾಯ ಹೊಳೆಯುವುದೇ ಇಲ್ಲ.

ಹಂತ 8: ಮೊದಲ ಕೆಲವು ವಾರಗಳು

ಮೊದಲ ಎರಡು ಮೂರು ದಿನ ಲಗಾಮಿಲ್ಲದೆ, ಲಾಯದಲ್ಲೇ, ಹತ್ತು ಹದಿನೈದು ನಿಮಿಷ ಹಾಕಿ ಪಕ್ಕದಲ್ಲೇ ನಿಂತಿರಿ. ಕುದುರೆ ಬಾಯಾಡಿಸಿ, ನಾಲಗೆಯಿಂದ ಎರಡು ಲೋಹಗಳನ್ನು ತಡವಿ, ಕ್ರಮೇಣ ಸುಮ್ಮನಾಗಬೇಕು. ಈ ಬ್ರೈಡಲ್ ತೊಡಿಸಿ ಕುದುರೆಯನ್ನು ಎಂದೂ ಕಟ್ಟಿಹಾಕಬೇಡಿ, ಕರ್ಬಿಗೆ ಲಂಜ್ ಹಗ್ಗ (ಕುದುರೆಯನ್ನು ಸುತ್ತ ಓಡಿಸುವ ಉದ್ದ ಹಗ್ಗ) ಹಾಕಬೇಡಿ. ಕುದುರೆ ಒಮ್ಮೆ ಹಿಂದಕ್ಕೆ ಜಗ್ಗಿದರೆ ದವಡೆಗೆ ಪೆಟ್ಟಾಗುತ್ತದೆ.

ಮೊದಲ ಸವಾರಿ ಹೊರಗಿನ ದಾರಿಯಲ್ಲಿ ವಾಕ್ ಆಗಿರಲಿ. ಸರಪಳಿಯನ್ನು ಒಂದು ಕೊಂಡಿ ಹೆಚ್ಚು ಸಡಿಲಿಸಿ, ಕರ್ಬ್ ಲಗಾಮು ಕಣ್ಣಿಗೆ ಕಾಣುವಂತೆ ಜೋತುಬಿದ್ದಿರಲಿ, ಸವಾರಿ ಪೂರ್ತಿ ಬ್ರಿಡೂನಿನಲ್ಲಿ ನಡೆಯಲಿ. ಎರಡನೆಯ ವಾರದಲ್ಲಿ ಅರೀನಾಕ್ಕೆ ಬನ್ನಿ, ದೊಡ್ಡ ವೃತ್ತ, ನಡಿಗೆಯ ಸರಳ ಬದಲಾವಣೆಗಳು, ಇಪ್ಪತ್ತು ನಿಮಿಷ, ಅಷ್ಟೇ. ಕುದುರೆ ಸ್ನ್ಯಾಫಲಿನಲ್ಲಿದ್ದಷ್ಟೇ ಮುಂದಕ್ಕೆ ಚಲಿಸುತ್ತಿದ್ದರೆ ಮಾತ್ರ ಮೂರನೆಯ ವಾರದಿಂದ ಸರಪಳಿಯನ್ನು ಸರಿಯಾದ ಕೊಂಡಿಗೆ ತಂದು, ಕರ್ಬ್ ಲಗಾಮಿನ ಜೋತನ್ನು ಕಡಿಮೆ ಮಾಡಿ. ಕರ್ಬನ್ನು ಬಳಸಬೇಕಾದದ್ದು ಅರೆನಿಲುಗಡೆಯ (ಕುದುರೆಯನ್ನು ಕ್ಷಣಕಾಲ ತಡೆದು ಮತ್ತೆ ಮುಂದೆ ಬಿಡುವ ಸೂಚನೆಯ) ಒಂದು ಕ್ಷಣಕ್ಕೆ. ಉಂಗುರಬೆರಳು ಮುಚ್ಚಿ, ಕುದುರೆ ಉತ್ತರಿಸಿದೊಡನೆ ತೆರೆಯುವುದು. ಅದನ್ನು ಹಿಡಿದೇ ಇರುವ ಸವಾರ ಇನ್ನಷ್ಟು ಕಠಿಣವಾದ ಸ್ನ್ಯಾಫಲಿನಲ್ಲಿ ಸವಾರಿ ಮಾಡುತ್ತಿದ್ದಾನೆಂದೇ ಲೆಕ್ಕ.

ವಾರಕ್ಕೆ ಒಂದು ಅಥವಾ ಎರಡು ದಿನ ಸಾಕು. ಉಳಿದ ದಿನಗಳಲ್ಲಿ ಕುದುರೆ ಸ್ನ್ಯಾಫಲಿಗೆ ಮರಳಬೇಕು. ಹಾಗೆ ಮರಳಿದ ದಿನ ಅದು ಮೊದಲಿಗಿಂತ ಭಾರವಾಗಿದೆಯೇ, ಹಗುರವಾಗಿದೆಯೇ ಎಂಬುದರಿಂದ ಡಬಲ್ ಬ್ರೈಡಲಿನ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಬಾಯಲ್ಲಿ ಅಥವಾ ಜೊಲ್ಲಿನಲ್ಲಿ ರಕ್ತದ ಗುರುತು ಕಂಡರೆ, ನಾಲಗೆ ನೀಲಿ ಅಥವಾ ಬೂದುಬಣ್ಣಕ್ಕೆ ತಿರುಗಿದರೆ, ಕೂಡಲೇ ಇಳಿದು ಬ್ರೈಡಲ್ ತೆಗೆಯಿರಿ. ಇವಕ್ಕೆ ಇನ್ನೊಂದು ಸುತ್ತಿನ ಅವಕಾಶವಿಲ್ಲ. ಬಣ್ಣ ಬದಲಾದ ನಾಲಗೆಯೆಂದರೆ ಅಲ್ಲಿಗೆ ರಕ್ತ ಹರಿಯುತ್ತಿಲ್ಲವೆಂದು ಅರ್ಥ. ಸ್ಪರ್ಧೆಯಲ್ಲಿ ಬಾಯಲ್ಲಿ ಹಸಿ ರಕ್ತ ಕಂಡರೆ ತೀರ್ಪುಗಾರರು ಪರೀಕ್ಷೆಯನ್ನೇ ನಿಲ್ಲಿಸುತ್ತಾರೆ.

ಅದೇ ದಿನ ಸ್ನ್ಯಾಫಲಿಗೆ ಮರಳಬೇಕಾದ ಚಿಹ್ನೆಗಳು ಬೇರೆ: ನಾಲಗೆಯನ್ನು ಹೊರಚಾಚುವುದು ಅಥವಾ ಕಡಿವಾಣದ ಮೇಲಕ್ಕೆ ಎಳೆದುಕೊಳ್ಳುವುದು, ಹಲ್ಲು ಕಡಿಯುವುದು, ದವಡೆಯನ್ನು ಅಡ್ಡಕ್ಕೆ ಸರಿಸುವುದು, ಬಾಲವನ್ನು ಬಿಡದೆ ಬೀಸುವುದು. ಇವೆಲ್ಲ ಕಣ್ಣಿಗೆ ಬೀಳುವಂಥವು. ಕಣ್ತಪ್ಪುವುದು ವಾಕಿನ ಲಯ. ನಾಲ್ಕು ಬಡಿತದ ನಡಿಗೆ ಹಾಳಾಗಿ ಒಂದೇ ಬದಿಯ ಮುಂಗಾಲು ಹಿಂಗಾಲು ಒಟ್ಟಿಗೆ ಏಳತೊಡಗಿದರೆ ಬೆನ್ನು ಬಿಗಿದಿದೆ, ಕಾರಣ ಬಹಳ ಸಲ ಮುಂದಿನಿಂದ ಹಿಡಿದಿಟ್ಟ ಕೈ. ವಿಡಿಯೊದ ಸದ್ದನ್ನು ಏರಿಸಿ ಗೊರಸಿನ ಬಡಿತಗಳನ್ನು ಎಣಿಸಿದರೆ ಇದು ಚಿತ್ರಕ್ಕಿಂತ ಮೊದಲು ಕಿವಿಗೆ ಸಿಗುತ್ತದೆ.

ನೊರೆಯ ಬಗ್ಗೆ ಒಂದು ಮಾತು. ತುಟಿಯಂಚಿನಲ್ಲಿ ಸ್ವಲ್ಪ ಬಿಳಿನೊರೆ ಇದ್ದರೆ ಕುದುರೆ ಬಾಯಾಡಿಸುತ್ತಿದೆ ಎಂದು ತಿಳಿಯಬಹುದು. ಎದೆ, ಮುಂಗಾಲುಗಳ ಮೇಲೆಲ್ಲ ಚೆಲ್ಲುವಷ್ಟು ನೊರೆ ಬಂದರೆ ಮೆಚ್ಚಿಕೊಳ್ಳುವಂತಿಲ್ಲ, ಅದು ನುಂಗಲಾರದೆ ಹೊರಬಿದ್ದ ಜೊಲ್ಲೂ ಆಗಿರಬಹುದು.

ಸವಾರಿ ಮುಗಿದ ಮೇಲೆ, ಪ್ರತಿ ಸಲ, ಕಟವಾಯಿಯ ಒಳಬದಿ, ಏಣು, ಗಲ್ಲದ ತಗ್ಗು ಈ ಮೂರನ್ನು ಬೆರಳಿನಿಂದ ಮುಟ್ಟಿ ನೋಡಿ. ಬಿಸಿ, ಊತ, ಕೂದಲು ಉದುರಿದ ಕಲೆ, ಅಥವಾ ಮುಟ್ಟಿದೊಡನೆ ಕುದುರೆ ತಲೆ ಎಳೆದುಕೊಳ್ಳುವುದು, ಇವುಗಳಲ್ಲಿ ಯಾವುದಿದ್ದರೂ ಗಾಯ ಮಾಯುವವರೆಗೆ ಕರ್ಬ್ ಗೋಡೆಯ ಮೊಳೆಗೆ.

ಹಂತ 9: ಸ್ಪರ್ಧೆಗೆ ಯಾವುದು?

ಎರಡೂ ಅನುಮತಿಯಿರುವ ದರ್ಜೆಯಾದರೆ, ಅದೇ ಪರೀಕ್ಷೆಯನ್ನು ಒಂದು ವಾರದ ಅಂತರದಲ್ಲಿ ಒಮ್ಮೆ ಸ್ನ್ಯಾಫಲಿನಲ್ಲೂ ಒಮ್ಮೆ ಡಬಲ್ ಬ್ರೈಡಲಿನಲ್ಲೂ ಸವಾರಿ ಮಾಡಿ, ಎರಡು ವಿಡಿಯೊಗಳನ್ನೂ ನಿಮ್ಮ ತರಬೇತುದಾರರ ಮುಂದೆ ಒಟ್ಟಿಗೆ ನೋಡಿ. ಮುಖ್ಯವಾಗಿ ವಿಸ್ತೃತ ವಾಕ್, ಮೀಡಿಯಂ ಟ್ರಾಟ್, ಹಿಂದಡಿ (ಹಿಮ್ಮುಖವಾಗಿ ಹೆಜ್ಜೆ ಇಡುವುದು) ಈ ಮೂರು ಭಾಗಗಳನ್ನು ಹೋಲಿಸಿ. ಕರ್ಬಿನ ತಪ್ಪು ಬಳಕೆ ಮೊದಲು ಹೊರಬೀಳುವುದು ಅಲ್ಲೇ. ವ್ಯತ್ಯಾಸ ಕಾಣದಿದ್ದರೆ ಸ್ನ್ಯಾಫಲಿನಲ್ಲೇ ಹೋಗಿ. ಡಬಲ್ ಬ್ರೈಡಲಿನಲ್ಲಿ ಹೆಜ್ಜೆ ಚಿಕ್ಕದಾಗಿದ್ದರೆ, ಅರೆನಿಲುಗಡೆಗಳು ಎಷ್ಟೇ ಅಂದವಾಗಿ ಕಂಡರೂ, ಸ್ನ್ಯಾಫಲಿನಲ್ಲೇ ಹೋಗಿ. ಹೆಜ್ಜೆಯ ಅಳತೆ ಉಳಿದುಕೊಂಡು, ಲಗಾಮಿನ ಭಾರ ಕಡಿಮೆಯಾಗಿ, ನೆತ್ತಿ ಎತ್ತರದಲ್ಲೇ ನಿಂತಿದ್ದರೆ ಡಬಲ್ ಬ್ರೈಡಲ್ ಆರಿಸಬಹುದು.

ಮನೆಯಲ್ಲಿ ಎರಡು ತಿಂಗಳಾದರೂ ಬಳಸದ ಜೋಡಿಯನ್ನು ಸ್ಪರ್ಧೆಗೆ ಒಯ್ಯಬೇಡಿ. ಒಯ್ಯುವ ದಿನ ಸಾಮಾನುಪೆಟ್ಟಿಗೆಯಲ್ಲಿ ಒಂದು ಹೆಚ್ಚುವರಿ ಸರಪಳಿ, ಒಂದು ಜೊತೆ ಕೊಕ್ಕೆ, ಮತ್ತು ಕುದುರೆಯ ಅಳತೆಗೆ ಹೊಂದಿಸಿಟ್ಟ ಸ್ನ್ಯಾಫಲ್ ಬ್ರೈಡಲ್ ಇರಲಿ. ವಾರ್ಮ್-ಅಪ್‌ನಲ್ಲಿ ಮೇಲಿನ ಚಿಹ್ನೆಗಳಲ್ಲಿ ಒಂದು ಕಂಡರೂ, ನಿಮ್ಮ ದರ್ಜೆಯಲ್ಲಿ ಸ್ನ್ಯಾಫಲಿಗೆ ಅವಕಾಶವಿದ್ದರೆ ಗಂಟೆ ಬಾರಿಸುವ ಮುನ್ನವೇ ಬ್ರೈಡಲ್ ಬದಲಿಸಿ. ಅವಕಾಶವಿಲ್ಲದಿದ್ದರೆ ಆ ದಿನದ ಹೆಸರನ್ನು ಹಿಂತೆಗೆದುಕೊಳ್ಳಿ.